ಆಫೀಸಿನಲ್ಲಿ ವ್ಯಾಯಾಮ: ಮೊದಲ ದಿನ 30 ಜನ, ಈಗ 4

ಲೆಡ್ಜರ್‌ಹುಳು:
ನಮ್ಮದು ಜಯನಗರದಲ್ಲಿ ಲೆಕ್ಕಪತ್ರದ ಆಫೀಸು, ನಲವತ್ತು ಜನ ಇದ್ದೇವೆ. ಬೆಳಗ್ಗೆ ಹತ್ತಕ್ಕೆ ಕೂತರೆ ಊಟಕ್ಕೇ ಏಳುವುದು. ಅರ್ಧಕ್ಕರ್ಧ ಜನಕ್ಕೆ ಸೊಂಟನೋವು, ಇಲ್ಲಾ ಕತ್ತುನೋವು. ಅದಕ್ಕೇ ಸಂಜೆ ಆರಕ್ಕೆ ಯೋಗ ಕ್ಲಾಸ್ ಶುರು ಮಾಡಿಸಿದೆ. ಮೊದಲ ದಿನ 30 ಜನ ಬಂದರು. ಮೂರನೇ ವಾರಕ್ಕೆ 4, ಅದರಲ್ಲಿ ನಾನೂ ಒಬ್ಬ. ಬಹುಮಾನ ಇಟ್ಟರೆ ಬರುತ್ತಾರಾ?

ಸಿಲ್ಕ್‌ಬೋರ್ಡ್_ಸಂತ್ರಸ್ತ:
ಸಂಜೆ ಆರಕ್ಕಾ ಸಾರ್? ಆ ಹೊತ್ತಿಗೆ ಎಲ್ಲರ ತಲೆಯಲ್ಲೂ ಮನೆ ಸೇರುವ ಯೋಚನೆ, ಅರ್ಧ ಗಂಟೆ ತಡವಾಗಿ ಹೊರಟರೆ ಟ್ರಾಫಿಕ್ಕಿನಲ್ಲಿ ಇನ್ನೊಂದು ಗಂಟೆ ಹೋಗುತ್ತೆ. ಕೆಲಸದ ಹೊತ್ತಿನೊಳಗೇ ಮಾಡಿಸಿ. ಆಯುಷ್ ಸಚಿವಾಲಯದ ವೈ-ಬ್ರೇಕ್ ಅಂತ ಇದೆ, ಕೆಲಸದ ಮಧ್ಯೆ ಮಾಡುವ ಯೋಗದ ಬಿಡುವು, ಐದೇ ನಿಮಿಷದ್ದು, 2021ರಲ್ಲಿ ಅದರ ಆ್ಯಪ್ ಕೂಡ ಬಂತು. ತಾಡಾಸನ, ಭುಜ ತಿರುಗಿಸುವುದು, ಕಟಿಚಕ್ರಾಸನ, ಆಮೇಲೆ ಉಸಿರಾಟದ್ದು. ಮ್ಯಾಟ್ ಬೇಡ, ಬಟ್ಟೆ ಬದಲಿಸುವುದೂ ಬೇಡ.

ಬಿಸಿಬೇಳೆ:
ಬಹುಮಾನ ಮಾತ್ರ ಇಡಬೇಡಿ. ನಮ್ಮಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆ ಇಟ್ಟಿದ್ದರು. ಗೆದ್ದವನು ವಾಚನ್ನು ಮಗನ ಕೈಗೆ ಕಟ್ಟಿ ಆಟಕ್ಕೆ ಬಿಟ್ಟಿದ್ದ! ಪಾಪ, ಮಂಡಿನೋವಿನವರ ಹೆಸರು ಪಟ್ಟಿಯ ಕೊನೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಅವರು ಮತ್ತೆ ಯಾವುದಕ್ಕೂ ಬರಲಿಲ್ಲ.

ಫಿಸಿಯೋ_ಮೈಸೂರು:
1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ ಬಸ್‌ನವರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಕೂತೇ ಇರುವ ಡ್ರೈವರ್‌ಗಳಿಗಿಂತ, ಡಬಲ್ ಡೆಕರ್ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಅವರ್ಯಾರೂ ವ್ಯಾಯಾಮ ಅಂತ ಮಾಡಿದ್ದಲ್ಲ, ಕೆಲಸವೇ ಅವರನ್ನು ಓಡಾಡಿಸುತ್ತಿತ್ತು. ನೀವೂ ಪ್ರಿಂಟರ್, ನೀರಿನ ಕ್ಯಾನ್ ಎಲ್ಲ ದೂರ ಇಡಿ, ಫೋನ್ ಬಂದರೆ ನಿಂತು ಮಾತಾಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಅಷ್ಟನ್ನೂ ಆಫೀಸೇ ಮಾಡಿಸಬೇಕಿಲ್ಲ ಬಿಡಿ. ಆದರೆ ಯಾರಿಗಾದರೂ ಸೊಂಟದ ನೋವು ಕಾಲಿಗೆ ಇಳಿಯುತ್ತಿದ್ದರೆ ಮುಂದಕ್ಕೆ ಬಗ್ಗುವ ಆಸನ ಮಾಡಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಲಿ.

ಲೆಡ್ಜರ್‌ಹುಳು:
ಸರಿ, ಸಂಜೆ ಕ್ಲಾಸ್ ನಿಲ್ಲಿಸುತ್ತೇನೆ. ಹನ್ನೊಂದೂವರೆಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ, ಐದೈದು ನಿಮಿಷ. ಆದರೆ ನಮ್ಮ ಸಾಹೇಬರು ಏಳುವ ಪೈಕಿ ಅಲ್ಲ.

ಬಿಸಿಬೇಳೆ:
ಅಲ್ಲೇ ಇರುವುದು ತೊಂದರೆ! ಅವರು ಕೂತಿದ್ದರೆ ಅವರೆದುರು ಬೇರೆ ಯಾರು ಏಳುತ್ತಾರೆ? ಕಾಫಿಗೆ ಐದು ನಿಮಿಷ ಮುಂಚೆ ಇಟ್ಟುಕೊಳ್ಳಿ, ಕಾಫಿ ಬಾಲ್ಕನಿಯಲ್ಲೇ ಸಿಗಲಿ. ತಾವಾಗಿ ಎದ್ದು ಬರುತ್ತಾರೆ.

ಲೆಡ್ಜರ್‌ಹುಳು:
ಅವರಿಗೆ ಕಾಫಿ ಟೇಬಲ್ಲಿಗೇ ಬರುತ್ತೆ. ಹಾಗಾದರೆ ಮೊದಲು ಕಾಫಿ ತರುವ ಹುಡುಗನ ಹತ್ತಿರ ಮಾತಾಡಬೇಕು.