ಅಪ್ಪನ ಕೋವಿ ಸ್ಪೀಡ್ ಪೋಸ್ಟಲ್ಲಿ ಬೆಂಗ್ಳೂರಿಗೆ ತರಿಸ್ಬೋದಾ?

ಕೊಪ್ಪದ_ಹುಡ್ಗ:
ಎಲ್ರಿಗೂ ನಮಸ್ಕಾರ. ಊರಲ್ಲಿ ಅಪ್ಪನ ಹತ್ರ ಜೋಡಿ ನಳಿಗೆ ಕೋವಿ ಇದೆ, ಬೆಳೆ ರಕ್ಷಣೆ ಲೈಸೆನ್ಸು, ತೋಟಕ್ಕೆ ಹಂದಿ ಕಾಟ ಅಂತ ಅಜ್ಜನ ಕಾಲದಿಂದ ಇರೋದು. ಈಗ ಎಡಗಡೆ ಕುದುರೆ (ಗುಂಡಿಗೆ ಬಡಿಯೋ ಸುತ್ತಿಗೆ) ಕೆಟ್ಟೋಗಿದೆ, ಹಿಂದಕ್ಕೆ ಎಳೆದ್ರೆ ನಿಲ್ಲಲ್ಲ, ಲಟಕ್ ಅಂತ ಬಿದ್ದೇ ಹೋಗುತ್ತೆ. ಇಲ್ಲಿ ರಿಪೇರಿ ಮಾಡೋರು ಒಬ್ರು ಸಿಕ್ಕಿದಾರೆ. ಅಪ್ಪಂಗೆ ಮಂಡಿ ನೋವು, ಬಸ್ಸಲ್ಲಿ ಬರಕ್ಕಾಗಲ್ಲ. ಗೋಣಿಚೀಲ ಸುತ್ತಿ ಸ್ಪೀಡ್ ಪೋಸ್ಟ್ ಮಾಡಿಸಿದ್ರೆ ಆಗುತ್ತಾ? ಇಲ್ಲಾ ಬಿಚ್ಚಿ ನಳಿಗೆ ಬೇರೆ, ಹಿಡಿ ಬೇರೆ ಕಳಿಸ್ಲಾ?

ರಿಟೈರ್ಡ್_ಅಂಚೆ:
ಬೇಡ ಮಾರಾಯ. ಕೌಂಟರಲ್ಲಿ ಎಷ್ಟೋ ವರ್ಷ ಕೂತವ್ನು ನಾನು. ಒಬ್ರು ಹಲಸಿನ ಹಪ್ಪಳ ಅಂತ ಡಬ್ಬ ತಂದಿದ್ರು, ತಕ್ಕಡಿ ಮೇಲಿಟ್ರೆ ಹಪ್ಪಳ ಅಷ್ಟು ಭಾರ ಬರುತ್ತಾ, ಬಿಚ್ಚಿ ಅಂದೆ, ಮೇಲೆ ನಾಲ್ಕು ಹಪ್ಪಳ, ಅಡಿಗೆ ಹಳೇ ತೋಟೆಗಳು! ಪಾಪ, ಅವ್ರಿಗೆ ತಪ್ಪು ಅಂತಾನೇ ಗೊತ್ತಿರ್ಲಿಲ್ಲ. ತೋಟೆ, ಮದ್ದು ಎರಡೂ ಸ್ಫೋಟಕದ ಲೆಕ್ಕ, ಅಂಚೆಗೆ ಹಾಕೋ ಹಾಗೇ ಇಲ್ಲ. ಕೋವಿ ಅಂದ್ರಂತೂ ಕೌಂಟರಿಂದ ಸೀದಾ ಸ್ಟೇಷನ್ನಿಗೆ ಫೋನ್ ಹೋಗುತ್ತೆ.

ಕಪ್ಪು_ಕೋಟು:
ಬಿಚ್ಚಿ ಕಳಿಸೋ ಐಡಿಯಾ ಬಿಟ್ಬಿಡಿ. 1959ರ ಆಯುಧ ಕಾಯ್ದೇಲಿ ಆಯುಧ ಅಂದ್ರೆ ಅದರ ಬಿಡಿಭಾಗನೂ ಸೇರುತ್ತೆ, ಬರೀ ನಳಿಗೆ ಸಿಕ್ಕಿದ್ರೂ ತಲೆನೋವು ಅಷ್ಟೇ. ನಿಮಗೆ ಬೇಕಾಗಿರೋದು ಸೆಕ್ಷನ್ 3ರಲ್ಲೇ ಇದೆ. ಲೈಸೆನ್ಸ್ ಇರೋರು ಬರವಣಿಗೇಲಿ ಒಪ್ಪಿಗೆ ಕೊಟ್ರೆ, ಲೈಸೆನ್ಸ್ ಇಲ್ದೇ ಇರೋನೂ ರಿಪೇರಿಗೆ ಅಥವಾ ರಿನ್ಯೂವಲ್ಲಿಗೆ ಕೋವಿ ಒಯ್ಬೋದು. ಅಪ್ಪನ ಹತ್ರ ಪತ್ರ ಬರೆಸ್ಕೊಳ್ಳಿ, ಕೋವಿ ನಂಬರು, ಯಾತಕ್ಕೆ, ಯಾರ ಹತ್ರ ಅಂತ ಎಲ್ಲಾ ಇರ್ಲಿ, ಲೈಸೆನ್ಸ್ ಪುಸ್ತಕನೂ ಜೊತೆಗಿರ್ಲಿ. ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರಲ್ಲ, ಅದ್ರಲ್ಲಿ ಏರಿಯಾ ಎಷ್ಟು ಅಂತ ಮೊದ್ಲು ನೋಡಿ, ಜಿಲ್ಲೆ ದಾಟೋ ಮುಂಚೆ ಡಿಸಿ ಆಫೀಸಲ್ಲಿ ಕೇಳಿ ಲಿಖಿತವಾಗಿ ತಗೊಳ್ಳಿ. ರಿಪೇರಿಯವ್ರಿಗೂ ಲೈಸೆನ್ಸ್ ಇರ್ಲೇಬೇಕು. ಪತ್ರ ಇಲ್ದೇ ಸಿಕ್ಕಾಕೊಂಡ್ರೆ 2019ರ ತಿದ್ದುಪಡಿ ಆದ್ಮೇಲೆ ಕಮ್ಮಿ ಅಂದ್ರೂ 2 ವರ್ಷ, 5ರ ತನಕ ಹೋಗ್ಬೋದು.

ಮಡಿಕೇರಿ_ಮಳೆ:
ನಮ್ಮ ಕೊಡವ್ರಿಗೆ ಲೈಸೆನ್ಸಿಂದ ವಿನಾಯ್ತಿ ಇದ್ಯಲ್ಲ, ಬ್ರಿಟಿಷರ ಕಾಲದ್ದು, ಕೇಂದ್ರ 2029ರ ತನಕ ಮುಂದುವರೆಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು. ಆದ್ರೂ ನಾವ್ಯಾರೂ ಪಾರ್ಸೆಲ್ ಮಾಡಲ್ಲಪ್ಪ. ಕೈಲ್‌ಪೊಳ್ದ್ ಅಂತ ನಮ್ಮ ಆಯುಧ ಪೂಜೆ ಹಬ್ಬಕ್ಕೆ ಕೋವಿ ಬೇಕಂದ್ರೆ ಡಿಸಿ ಕೊಟ್ಟ ಸರ್ಟಿಫಿಕೇಟ್ ಜೇಬಲ್ಲಿಟ್ಕೊಂಡು ಕಾರಲ್ಲಿ ನಾನೇ ಒಯ್ಯೋದು.

ಟೆಕ್ಸಾಸ್_ಕನ್ನಡಿಗ:
ಇಲ್ಲಿ ಖಾಲಿ ರೈಫಲ್, ಶಾಟ್‌ಗನ್ ಅಂಚೇಲೇ ಹೋಗುತ್ತೆ ಗೊತ್ತಾ, ಆದ್ರೆ ಬೇರೆ ರಾಜ್ಯದವ್ರಿಗೆ ಕೊಡೋದಾದ್ರೆ ಲೈಸೆನ್ಸ್ ಇರೋ ಡೀಲರ್ ಮೂಲಕವೇ. ಪಿಸ್ತೂಲಿಗೆ ಮಾತ್ರ 1927ರಲ್ಲೇ ಅಡ್ಡ ಹಾಕಿದ್ರು.

ರಿಟೈರ್ಡ್_ಅಂಚೆ:
ಅವನ ತಲೆ ಕೆಡಿಸ್ಬೇಡಿ ಸ್ವಾಮಿ, ನಿಮ್ಮೂರಿನ ಕಥೆ ಕೇಳಿ ಇಲ್ಲಿ ಪೋಸ್ಟ್ ಮಾಡ್ಬಿಟ್ಟಾನು 😄

ಕೊಪ್ಪದ_ಹುಡ್ಗ:
ಥ್ಯಾಂಕ್ಸ್ ಸರ್ ಎಲ್ರಿಗೂ. ಅಪ್ಪಂಗೆ ಫೋನ್ ಮಾಡಿದೆ, ಲೈಸೆನ್ಸಲ್ಲಿ ಜಿಲ್ಲೆ ಒಳಗೆ ಮಾತ್ರ ಅಂತಿದ್ಯಂತೆ. ಸೋಮವಾರ ರಜೆ ಹಾಕಿ ಊರಿಗೆ ಹೋಗಿ ಡಿಸಿ ಆಫೀಸಲ್ಲೇ ಕೇಳ್ತೀನಿ. ಪತ್ರ ಬರೆದಿಡ್ತೀನಿ ಬಾ ಅಂದ್ರು, ಹೋಗ್ತಾ ಹಲಸಿನ ಹಪ್ಪಳನೂ ಒಯ್ಯಿ ಅಂದ್ರು, ನಗು ತಡ್ಕೊಳಕ್ಕೇ ಆಗ್ಲಿಲ್ಲ.