ನೊನೈಲ್‌ಫಿನಾಲ್ ಬಿಟ್ಟ ಮೇಲೆ ಲೇಟೆಕ್ಸ್ ಒಡೆದು ಗಂಟು ಕಟ್ಟುತ್ತಿದೆ

ಪ್ರಶ್ನೆ (ಹಾಸನದಿಂದ)

ನಮಸ್ಕಾರ. ಗೋಡೆ ಬಣ್ಣಕ್ಕೆ ಬೇಕಾಗುವ ಅಕ್ರಿಲಿಕ್ ಬೈಂಡರನ್ನು (ಬಣ್ಣವನ್ನು ಗೋಡೆಗೆ ಹಿಡಿದಿಡುವ ಅಂಟನ್ನು) ಎರಡು ಲೀಟರಿನ ಗಾಜಿನ ಫ್ಲಾಸ್ಕಿನಲ್ಲಿ ತಯಾರಿಸಿ ನೋಡುತ್ತಿದ್ದೇನೆ. ನೀರು 500 ಗ್ರಾಂ. ಬ್ಯೂಟೈಲ್ ಅಕ್ರಿಲೇಟ್ 230, ಮೀಥೈಲ್ ಮೆಥಾಕ್ರಿಲೇಟ್ 212, ಮೆಥಾಕ್ರಿಲಿಕ್ ಆಮ್ಲ 8 ಗ್ರಾಂ. ಪ್ರತಿಕ್ರಿಯೆ ಶುರು ಮಾಡಲು ಅಮೋನಿಯಂ ಪರ್ಸಲ್ಫೇಟ್ 1.8 ಗ್ರಾಂ, ತಾಪ 75 ಡಿಗ್ರಿ. ಮೊದಲು 6 ಗ್ರಾಂ ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಮತ್ತು 3.6 ಗ್ರಾಂ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಎರಡು ಸೋಪುಗಳನ್ನು ಬಳಸುತ್ತಿದ್ದೆ. ನೊನೈಲ್‌ಫಿನಾಲ್ ಜಲಚರಗಳಿಗೆ ವಿಷವೆಂಬುದು ಒಂದು ಕಾರಣ. ಮಲೆನಾಡಿನ ಮಳೆಗೆ ಸಿಕ್ಕ ಗೋಡೆಯಲ್ಲಿ, ಪದರದೊಳಗೆ ಉಳಿದ ಸೋಪು ನೀರು ಹೀರಿಕೊಂಡು ಬಣ್ಣ ಬೆಳ್ಳಗಾಗುತ್ತದೆ ಎಂಬುದು ಇನ್ನೊಂದು. ಆದ್ದರಿಂದ ಅದನ್ನು ಪೂರ್ತಿ ಕೈಬಿಟ್ಟು ಲಾರಿಲ್ ಸಲ್ಫೇಟನ್ನಷ್ಟೇ ಉಳಿಸಿಕೊಂಡೆ.

ಅಂದಿನಿಂದ ಲೇಟೆಕ್ಸ್ (ನೀರಿನಲ್ಲಿ ಪಾಲಿಮರ್ ಕಣಗಳು ತೇಲುವ ಹಾಲಿನಂಥ ದ್ರವ) ಹುಳಿ ಬಿದ್ದ ಹಾಲಿನಂತೆ ಒಡೆಯುತ್ತಿದೆ. ಕಳೆದ ಸಲ ಶೋಧಿಸಿ ಒಣಗಿಸಿದಾಗ ಗಂಟೇ 38 ಗ್ರಾಂ ತೂಗಿತು. ಸೋಪನ್ನು ಹೆಚ್ಚಿಸಬೇಕೇ? ಬೆಳಿಗ್ಗೆ ನೋಡಿದರೆ ಸೋಪಿನ ದ್ರಾವಣದ ಬಾಟಲಿಯಲ್ಲಿಯೂ ಬಿಳಿ ಹರಳು ಕಟ್ಟಿರುತ್ತದೆ. ಅದು ಕೆಟ್ಟಿದೆಯೇ?

ಉತ್ತರ (ಚಿಕ್ಕಮಗಳೂರಿನಿಂದ)

ಹರಳಿನ ಚಿಂತೆ ಬಿಡಿ. ಸುಮಾರು 16 ಡಿಗ್ರಿಗಿಂತ ಕೆಳಗೆ ಲಾರಿಲ್ ಸಲ್ಫೇಟ್ ನೀರಿನಲ್ಲಿ ಸರಿಯಾಗಿ ಕರಗಿ ನಿಲ್ಲುವುದಿಲ್ಲ. ಈ ಮಿತಿಗೆ ಕ್ರಾಫ್ಟ್ ತಾಪ ಎನ್ನುತ್ತಾರೆ. ಚಳಿಗಾಲದಲ್ಲಿ ನಮ್ಮಲ್ಲಿಯೂ ಹೀಗೆಯೇ ಆಗುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ತಿಳಿಯಾದ ಮೇಲೆ ಅಳೆಯಿರಿ. ಹರಳು ತಳದಲ್ಲಿರುವಾಗ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ನೀವು ಹಾಕಿದ್ದು 3.6 ಗ್ರಾಂ ಆಗಿರುವುದಿಲ್ಲ.

ಸೋಪು ಹೆಚ್ಚಿಸುವ ಮೊದಲು ಎರಡು ವಿಷಯ ತಿಳಿಸಿ. ನೀರು ಯಾವುದು? ಮಾನೊಮರ್ (ಸರಪಳಿಯಾಗಿ ಬೆಸೆದು ಪಾಲಿಮರ್ ಆಗುವ ಆ ಅಕ್ರಿಲೇಟ್, ಮೆಥಾಕ್ರಿಲೇಟ್, ಆಮ್ಲಗಳ ಮಿಶ್ರಣ) ಸುರಿಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ, ಆಗ ತಾಪ ಹೇಗೆ ಏರುತ್ತದೆ?

ಪ್ರಶ್ನೆ ಕೇಳಿದವರು

ಕೊಳವೆಬಾವಿ ನೀರು, ಸರ್. ಗಡಸುತನ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದಲ್ಲಿ, ಲೀಟರಿಗೆ 480 ಮಿಲಿಗ್ರಾಂ ಎಂದು ಪರೀಕ್ಷೆಯಲ್ಲಿ ಬಂದಿತ್ತು. ಕುಡಿಯುವ ನೀರಿಗೇ, ಬೇರೆ ಮೂಲವಿಲ್ಲದಿದ್ದರೆ, 600ರವರೆಗೆ ಒಪ್ಪಿಗೆಯಿದೆಯಲ್ಲ ಎಂದು ಸುಮ್ಮನಿದ್ದೆ. ಮಾನೊಮರನ್ನು ಒಂದು ಗಂಟೆಯಲ್ಲಿ ಹನಿಸುತ್ತೇನೆ. ಮೊದಲ ಅರ್ಧ ಗಂಟೆ ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ 91 ಡಿಗ್ರಿಗೆ ಹಾರುತ್ತದೆ.

ಉತ್ತರ

ನಿಮ್ಮ ತೊಂದರೆ ಎರಡೂ ಕಡೆ ಇದೆ.

ಮೊದಲು ನೀರು. ಗಡಸುತನವೆಲ್ಲ ಕ್ಯಾಲ್ಸಿಯಂನದೇ ಎಂದು ಹಿಡಿದರೆ ಅರ್ಧ ಲೀಟರಿನಲ್ಲಿ 2.4 ಮಿಲಿಮೋಲ್ ಕ್ಯಾಲ್ಸಿಯಂ ಇದೆ, ಅದರ ಒಂದೊಂದು ಅಯಾನೂ ಎರಡೆರಡು ಲಾರಿಲ್ ಸಲ್ಫೇಟ್ ಅಣುಗಳನ್ನು ಕಟ್ಟಿಹಾಕಬಲ್ಲದು. ನಿಮ್ಮ 3.6 ಗ್ರಾಂ ಎಂದರೆ 12.5 ಮಿಲಿಮೋಲ್, ಅದರಲ್ಲಿ 4.8, ಅಂದರೆ ಶೇ. 38ರಷ್ಟು, ಕೆಲಸಕ್ಕೆ ಮೊದಲೇ ಹೋಗುವ ಸಾಧ್ಯತೆಯಿದೆ. ಉಳಿದ ಸೋಪು ಕಣಗಳಿಗೆ ಋಣ ವಿದ್ಯುದಂಶ ಕೊಟ್ಟು ಒಂದನ್ನೊಂದು ದೂರವಿಡಬೇಕು. ಆ ವಿಕರ್ಷಣೆಯನ್ನು ಕುಗ್ಗಿಸುವುದರಲ್ಲಿ ಎರಡು ಧನ ವಿದ್ಯುದಂಶದ ಕ್ಯಾಲ್ಸಿಯಂ ಸೋಡಿಯಂಗಿಂತ ಹತ್ತಾರು ಪಟ್ಟು ಬಲಶಾಲಿ. ನೊನೈಲ್‌ಫಿನಾಲ್ ಎಥಾಕ್ಸಿಲೇಟಿಗೆ ವಿದ್ಯುದಂಶವೇ ಇಲ್ಲ. ಅದರ ಉದ್ದನೆಯ ಬಾಲಗಳು ನೀರಿನಲ್ಲಿ ಹರಡಿ ಕಣಗಳು ಅಂಟದಂತೆ ಅಡ್ಡ ನಿಲ್ಲುತ್ತವೆ, ಆದ್ದರಿಂದ ಗಡಸು ನೀರಿಗೂ ಅದು ಜಗ್ಗುತ್ತಿರಲಿಲ್ಲ. ನಿಮ್ಮ ನೀರಿನ ದೋಷವನ್ನು ಅದು ಇಷ್ಟು ದಿನ ಮುಚ್ಚಿಟ್ಟಿತ್ತು, ಅಷ್ಟೆ.

ಎರಡನೆಯದು ಆಮ್ಲಜನಕ. ನೀರಿನಲ್ಲಿ ಕರಗಿದ ಆಮ್ಲಜನಕ ಮತ್ತು ಮಾನೊಮರಿನ ಜೊತೆ ಬರುವ ಪ್ರತಿಬಂಧಕ (ಅದು ತಾನಾಗಿಯೇ ಗಟ್ಟಿಯಾಗದಂತೆ ಬೆರೆಸಿರುವ ವಸ್ತು) ಮುಗಿಯುವ ತನಕ ಸರಪಳಿ ಬೆಳೆಯುವುದಿಲ್ಲ. ಅಷ್ಟರಲ್ಲಿ ಅರ್ಧದಷ್ಟು ಮಾನೊಮರ್ ಫ್ಲಾಸ್ಕಿನಲ್ಲಿ ಸೇರಿರುತ್ತದೆ. ಅದೆಲ್ಲ ಒಮ್ಮೆಗೇ ಹೊತ್ತಿಕೊಂಡರೆ ನೂರು ಕಿಲೋಜೂಲಿಗೂ ಮೀರಿದ ಶಾಖ ಹೊರಬೀಳುತ್ತದೆ. ಗಂಟಿನ ಮಾತು ಹಾಗಿರಲಿ, ಇದು ಅಪಾಯವೂ ಹೌದು.

ಆದ್ದರಿಂದ ಬಟ್ಟಿ ಇಳಿಸಿದ ನೀರನ್ನು ತೆಗೆದುಕೊಂಡು ಅರ್ಧ ಗಂಟೆ ನೈಟ್ರೋಜನ್ ಹಾಯಿಸಿ. ಪರ್ಸಲ್ಫೇಟ್ ಒಡೆಯುತ್ತ ಹೋದಂತೆ ದ್ರಾವಣ ಆಮ್ಲೀಯವಾಗುವುದರಿಂದ ಒಂದು ಗ್ರಾಂ ಅಡುಗೆ ಸೋಡಾ ಸೇರಿಸಿ. ಮಾನೊಮರಿನ ಶೇ. 5ನ್ನು ಮಾತ್ರ ಮೊದಲು ಹಾಕಿ ಕಾಯಿರಿ. ಬೀಜದ ಕಣಗಳು, ಅಂದರೆ ಮುಂದೆ ಬೆಳೆಯುವ ಮೊದಲ ಪಾಲಿಮರ್ ಕಣಗಳು, ಹುಟ್ಟಿದಾಗ ನೀರಿಗೆ ನಸುನೀಲಿ ಛಾಯೆ ಬರುತ್ತದೆ. ಅದು ಕಾಣುವವರೆಗೆ ಮುಂದಿನ ಹನಿ ಬೇಡ. ಕಂಡ ಮೇಲೆ ಉಳಿದದ್ದನ್ನು ಮೂರು ಗಂಟೆಯಲ್ಲಿ ಹನಿಸಿ. ಹಾಕಿದ ಮಾನೊಮರ್ ಆಗಲೇ ಖರ್ಚಾಗುತ್ತಿರಬೇಕು, ಕೂಡಿಕೊಳ್ಳಬಾರದು.

ಪಾಲಿಮರಿಗೇ ಬೆಸೆದುಕೊಳ್ಳುವ ಹೊಸ ಬಗೆಯ ಸೋಪುಗಳಿವೆ, ಅವು ಮಳೆಗೆ ಅಷ್ಟು ಸುಲಭವಾಗಿ ತೊಳೆದುಹೋಗುವುದಿಲ್ಲ. ನಿಮ್ಮ ಉದ್ದೇಶಕ್ಕೆ ಅವೇ ಸರಿ, ಆದರೆ ಈ ನೀರಿನಲ್ಲಿ ಅವನ್ನು ಹಾಕಿದರೆ ಬೆಲೆಯಷ್ಟೇ ದಂಡ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಹೇಳಿದಂತೆಯೇ ಮಾಡಿದೆ. ನೀಲಿ ಛಾಯೆ ಹದಿನೆಂಟನೆಯ ನಿಮಿಷಕ್ಕೆ ಬಂತು. ತಾಪ 78 ದಾಟಲಿಲ್ಲ. ಒಣಗಿದ ಗಂಟು 2.1 ಗ್ರಾಂ. ಗಾಜಿನ ಮೇಲೆ ಎಳೆದ ಪದರವನ್ನು ರಾತ್ರಿಯಿಡೀ ನೀರಿನಲ್ಲಿಟ್ಟೆ: ಹಳೆಯದು ಮಜ್ಜಿಗೆಯಂತೆ ಬೆಳ್ಳಗಾಯಿತು, ಹೊಸದರಲ್ಲಿ ಅಂಚಿನಲ್ಲಿ ಮಾತ್ರ ಮಬ್ಬು. ಉಳಿದ ಗಂಟೆಲ್ಲ ಫ್ಲಾಸ್ಕಿನ ಒಂದೇ ಬದಿಗೆ, ಮೇಲ್ಗಡೆ ಅಂಟಿದೆ.

ಉತ್ತರ

ಹನಿಸುವ ನಳಿಕೆ ಗೋಡೆಗೆ ತಾಗಿರಬೇಕು. ಮಾನೊಮರ್ ಅಲ್ಲಿಯೇ ಇಳಿದು ಗಟ್ಟಿಯಾಗುತ್ತಿದೆ. ಕಲಕುವ ಸುಳಿಯ ಹತ್ತಿರಕ್ಕೆ ಸರಿಸಿ. ಒಡೆದ ಹಳೆಯ ಲೇಟೆಕ್ಸನ್ನು ಚರಂಡಿಗೆ ಚೆಲ್ಲದೆ, ಪೂರ್ತಿ ಗಟ್ಟಿ ಮಾಡಿ ಶೋಧಿಸಿಡಿ.