ಇಬ್ಬರಿಗೆ ಅಳತೆ ತಪ್ಪದ ದಿನನಿತ್ಯದ ಅಡುಗೆ ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಎಲ್ಲರಿಗೂ ನಮಸ್ಕಾರ. ಮೂವತ್ತು ವರ್ಷ ಹತ್ತು ಜನರ ಕೂಡುಕುಟುಂಬಕ್ಕೆ ಅಡುಗೆ ಮಾಡಿದ ಕೈ ನನ್ನದು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಇದ್ದೇವೆ. ಒಂದು ಹೊತ್ತಿನ ಅನ್ನಕ್ಕೆ ಮುಕ್ಕಾಲು ಪಾವು ಅಕ್ಕಿ ಸಾಕೆಂಬುದು ಗೊತ್ತಾಗಿದೆ. ಆದರೆ ಹುಳಿ ಎಷ್ಟು ಕಡಿಮೆ ಮಾಡಿದರೂ ಮರುದಿನಕ್ಕೆ ಉಳಿಯುತ್ತದೆ. ಎಲ್ಲವನ್ನೂ ಕಾಲುಭಾಗಕ್ಕೆ ಇಳಿಸಿದರೆ ರುಚಿಯೇ ಕೂಡಿಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವುದರಿಂದ ಫ್ರಿಜ್ಜನ್ನೂ ನಂಬುವಂತಿಲ್ಲ. ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಉತ್ತರ (ಸಾಗರದಿಂದ):
ಅಕ್ಕಾ, ಸ್ವಲ್ಪವೇ ಹುಳಿಯನ್ನು ಅಗಲವಾದ ಪಾತ್ರೆಯಲ್ಲಿ ಕುದಿಸಿದರೆ ನೀರು ಬೇಗ ಬತ್ತಿ ಉಪ್ಪು, ಹುಣಸೆಹಣ್ಣು ಮುಂದಾಗುತ್ತವೆ. ಮಸಾಲೆಯೂ ಮಿಕ್ಸಿಯ ದೊಡ್ಡ ಜಾರಿಗೆ ಹತ್ತಿಕೊಂಡು ತರಿತರಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಚಟ್ನಿ ಜಾರನ್ನೂ ಬಾಯಿ ಕಿರಿದಾದ ಪಾತ್ರೆಯನ್ನೂ ಬಳಸಿ ನೋಡಿ. ಆದರೂ ಹುಳಿಯನ್ನು ವಾರಕ್ಕೆ ಎರಡು ದಿನಕ್ಕೆ ಸೀಮಿತಗೊಳಿಸಿ, ಮಿಕ್ಕ ದಿನ ಸಣ್ಣ ಅಳತೆಗೇ ಒಗ್ಗುವ ತಂಬುಳಿ, ಗೊಜ್ಜುಗಳನ್ನು ಮಾಡುವುದೇ ಸರಿಯೆಂದು ನನಗನ್ನಿಸುತ್ತದೆ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಅದರಲ್ಲೇ ಒಂದು ಹಿಡಿ ಒಂದೆಲಗವನ್ನು ಬಾಡಿಸಿ, ಎರಡು ದೊಡ್ಡ ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ಅರೆದು, ದೊಡ್ಡ ಲೋಟದ ತುಂಬ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಇಬ್ಬರ ಊಟಕ್ಕೆ ಸರಿಯಾಗುತ್ತದೆ. ಒಂದೆಲಗ ಸಿಗದ ದಿನ ದೊಡ್ಡಪತ್ರೆಯಾದರೂ ಆಗುತ್ತದೆ.

ಉತ್ತರ (ಹೊಸನಗರದಿಂದ):
ತಂಬುಳಿಯ ಮಾತು ಒಪ್ಪಿದೆ. ಆದರೆ ವಯಸ್ಸಾದವರ ಊಟದಲ್ಲಿ ದಿನವೂ ಸ್ವಲ್ಪ ಬೇಳೆ ಇರಲೇಬೇಕು. ನಾನು ಸಣ್ಣ ಕುಕ್ಕರಿನಲ್ಲಿ ಅನ್ನದ ಜೊತೆಗೇ ಇನ್ನೊಂದು ಡಬ್ಬಿಯಲ್ಲಿ ಎರಡು ಹಿಡಿ ತೊಗರಿಬೇಳೆಯನ್ನು ಉಪ್ಪು ಹಾಕದೆ ಬೇಯಿಸುತ್ತೇನೆ. ಅರ್ಧ ಬೇಳೆ ಮಧ್ಯಾಹ್ನದ ಸಾರಿಗೆ, ಉಳಿದರ್ಧ ಅದೇ ರಾತ್ರಿ ಹರಿವೆ ಸೊಪ್ಪಿನ ಜೊತೆ ಚೆನ್ನಾಗಿ ಕುದಿದು ಬೇರೊಂದು ಪದಾರ್ಥವಾಗುತ್ತದೆ; ಮರುದಿನಕ್ಕೆ ಏನನ್ನೂ ಇಡಬೇಕಾಗುವುದಿಲ್ಲ. ರಾತ್ರಿಯ ಅನ್ನ ಒಂದು ಹಿಡಿ ಮಿಕ್ಕರೂ ಬೆಳಿಗ್ಗೆ ಅಕ್ಕಿಹಿಟ್ಟಿಗೆ ಹಿಸುಕಿ ಸೇರಿಸಿ ರೊಟ್ಟಿ ತಟ್ಟುತ್ತೇನೆ, ರೊಟ್ಟಿ ಮೆತ್ತಗೂ ಆಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇವತ್ತೇ ಚಟ್ನಿ ಜಾರಿನಲ್ಲಿ ಅರೆದೆ, ಮಸಾಲೆ ಚೆನ್ನಾಗಿ ನುಣ್ಣಗಾಯಿತು. ಇನ್ನೊಂದು ಸಂಶಯವಿದೆ: ಈ ಥಂಡಿಯಲ್ಲಿ ಸ್ವಲ್ಪವೇ ದೋಸೆಹಿಟ್ಟು ರುಬ್ಬಿಟ್ಟರೆ ಹುಳಿ ಬರುವುದೇ ಇಲ್ಲವಲ್ಲ?

ಉತ್ತರ (ಸಾಗರದಿಂದ):
ಮಳೆ ಬಿಡುವವರೆಗೆ ನೀರುದೋಸೆ ಮಾಡಿ, ಅದಕ್ಕೆ ಹುಳಿ ಬರಬೇಕೆಂದಿಲ್ಲ. ರಾತ್ರಿ ಮುಕ್ಕಾಲು ಪಾವು ಅಕ್ಕಿ ನೆನೆಹಾಕಿ, ಬೆಳಿಗ್ಗೆ ಸ್ವಲ್ಪ ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು ಆಗಲೇ ಹುಯ್ಯಬಹುದು.